ಬಂದರಿಗೆ ಬಂದ ಹಡಗು, ಬಾರದ ಮೀನಿನ ಗಾಡಿ

ಹಡಗು ಬಂದು ಹೋದ ಸಂಜೆ "ಇವತ್ತು ವಿಶೇಷ ಏನೂ ಆಗಲಿಲ್ಲ" ಎಂದು ಹೇಳಿಕೊಂಡು ನಾನು ಮನೆಗೆ ಬಂದದ್ದೇ ಇಲ್ಲ. ಮಳೆಗಾಲ ಮುಗಿದು ಸಮುದ್ರ ಶಾಂತವಾಯಿತು ಎಂದರೆ ಪಣಂಬೂರಿನ ಬಂದರಿಗೆ ಒಂದೊಂದಾಗಿ ಪ್ರವಾಸಿ ಹಡಗುಗಳು ಬರಲು ಶುರುವಾಗುತ್ತವೆ. ಬೆಳಿಗ್ಗೆ ಬಂದು ಸಂಜೆ ಹೋಗುತ್ತವೆ. ಆ ಏಳೆಂಟು ಗಂಟೆಯೊಳಗೆ ವಿದೇಶಿಯರಿಗೆ ಇಡೀ ಮಂಗಳೂರನ್ನು ತೋರಿಸಿ, ಬಿಸಿಲಿಗೆ ಯಾರೂ ತಲೆ ತಿರುಗಿ ಬೀಳದ ಹಾಗೆ ನೋಡಿಕೊಂಡು, ಎಣಿಸಿ ವಾಪಸು ಹಡಗಿಗೆ ಹತ್ತಿಸುವುದು ನನ್ನ ಕೆಲಸ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದವಳು. ಅಜ್ಜನ ಕಾಲದಲ್ಲಿ ನಮಗೆ ಜಮೀನುದಾರರ ದೊಡ್ಡ ಗುತ್ತಿನ ಮನೆ, ಕಣ್ಣು ಹಾಯಿಸಿದಷ್ಟು ಗದ್ದೆ ಇತ್ತಂತೆ. ಉಳುವವನಿಗೇ ಭೂಮಿ ಎಂಬ ಭೂಮಸೂದೆ ಬಂದು ಗದ್ದೆ ಹೋಯಿತು, ನಾವು ಪೇಟೆಗೆ ಬಂದೆವು. ಈಗ ನನಗೆ ಮಣ್ಣಗುಡ್ಡದಲ್ಲಿ ಎರಡು ಕೋಣೆಯ ಫ್ಲಾಟು, ಮನೆಯಲ್ಲಿ ಕೂತರೆ ಹೊತ್ತು ಹೋಗುವುದಿಲ್ಲ ಎಂದು ಈ ಗೈಡಿನ ಕೆಲಸ. ಊರಿಗೆಲ್ಲ ನಾನು ಟೀಚರೇ.

ನನ್ನ ಜೊತೆ ವ್ಯಾನ್ ಓಡಿಸುವವರು ಹಳೇ ಪೇಟೆಯಾದ ಬಂದರ್‌ನ ಒಬ್ಬರು ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ವಯಸ್ಸು ಅರುವತ್ತು ದಾಟಿದೆ. ಎಲ್ಲರ ಹಾಗೆ ನಾನೂ ಅವರನ್ನು ಕಾಕ ಎನ್ನುತ್ತೇನೆ. ವಿದೇಶಿಯರಿಗೆ ಏನು ತೋರಿಸಿದರೂ ಅವರಿಗೆ ಕೊನೆಗೆ ಬೇಕಾಗುವುದು ಹಳೇ ಬಂದರ್‌ನ ಮೀನು ಮಾರ್ಕೆಟ್ಟು. ಅದರ ಬಾಗಿಲಲ್ಲೇ ಕೂರುವ ಒಬ್ಬಳು ಮೀನಿನ ಅಕ್ಕ ಇದ್ದಾಳೆ. ಮೂಗಿಗೆ ಎರಡು ಬದಿ ಮೂಗುತಿ, ಕೆನ್ನೆ ತುಂಬ ನಗು. ಅವಳ ಫೋಟೋ ಎಷ್ಟು ದೇಶಗಳಲ್ಲಿ ಗೋಡೆಗೆ ತೂಗುತ್ತಿದೆಯೋ ದೇವರಿಗೇ ಗೊತ್ತು. ನಾನು ಅವಳನ್ನು ಮೀನಕ್ಕ ಎಂದು ಕರೆಯುತ್ತೇನೆ. ಅವಳು ನನ್ನ ಹತ್ತಿರ ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಮಾರಿ ಉಳಿದದ್ದನ್ನು ಮೀನಕ್ಕ ತಲೆಯ ಮೇಲೆ ಹೊತ್ತು ಮಣ್ಣಗುಡ್ಡದ ಮನೆಮನೆಗೆ ಬರುತ್ತಾಳೆ. ಅವಳ ಸಂಪಾದನೆಯ ದೊಡ್ಡ ಪಾಲು ಅದೇ. ಈಗ ಎರಡು ವರ್ಷದಿಂದ ಮೊಣಗಂಟು ಹಾಳಾಗಿದೆ. ತಲೆಹೊರೆ ನಿಲ್ಲಿಸಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ನಿಲ್ಲಿಸಿದರೆ ಮಣ್ಣಗುಡ್ಡದ ವ್ಯಾಪಾರ ಹೋಯಿತು, ಆಮೇಲೆ ದೋಣಿಗಳು ಮೀನು ಇಳಿಸುವ ದಕ್ಕೆಯ ಶೆಡ್ಡಿನಲ್ಲಿ ದಿನಗೂಲಿಗೆ ಸಿಗಡಿ ಸುಲಿಯಬೇಕು.

"ನಾಲ್ವತ್ತು ವರ್ಷ ನನ್ನ ಬುಟ್ಟಿಗೆ ನಾನೇ ಧನಿ ಟೀಚರೆ" ಎನ್ನುತ್ತಿದ್ದಳು. "ಇನ್ನು ಈ ಪ್ರಾಯದಲ್ಲಿ ಒಬ್ಬ ರೈಟರನ ಎದುರು ನಿಂತು ಹಾಜರಿ ಹಾಕಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."



೧. ಡಾಲರಿನ ಬೋಣಿ

ಒಂದು ಹಡಗಿನ ದಿನ ನಾವು ಮಾರ್ಕೆಟ್ಟಿಗೆ ಬಂದದ್ದು ಸ್ವಲ್ಪ ಬೇಗ. ಮೀನಕ್ಕ ಆಗಷ್ಟೇ ಬುಟ್ಟಿ ಇಳಿಸಿದ್ದಳು. ನಮ್ಮ ಗುಂಪಿನಲ್ಲಿದ್ದ ಒಬ್ಬರು ಎತ್ತರದ, ಬಿಸಿಲಿಗೆ ಮುಖ ಕೆಂಪೇರಿದ ಯಜಮಾನರು ಅವಳ ಹತ್ತು ಹದಿನೈದು ಫೋಟೋ ತೆಗೆದು, ಬಗ್ಗಿ ನಮಸ್ಕಾರ ಮಾಡಿ ಹತ್ತು ಡಾಲರಿನ ಒಂದು ನೋಟು ಕೊಟ್ಟರು.

"ಯಾವ ಮೀನು ಬೇಕಂತೆ ಕೇಳಿ ಟೀಚರೆ" ಎಂದಳು ಮೀನಕ್ಕ.

"ಅವರಿಗೆ ಮೀನು ಬೇಡ ಮಾರಾಯ್ತಿ. ಸುಮ್ಮನೆ ಕೊಡುದಂತೆ."

"ಸುಮ್ಮನೆ ಯಾಕೆ? ನಾನೆಂತ ಬಸ್‌ಸ್ಟ್ಯಾಂಡಿನಲ್ಲಿ ತಟ್ಟೆ ಹಿಡಿದು ಕೂತಿದ್ದೇನಾ? ಇನ್ನೂ ಬೋಣಿ ಆಗ್ಲಿಲ್ಲ. ಬೋಣಿಯ ಹೊತ್ತಿಗೆ ದಾನ ತಕ್ಕೊಂಡ್ರೆ ಇಡೀ ದಿನ ಕೈ ಚಾಚಿಕೊಂಡೇ ಇರ್ಬೇಕಾಗ್ತದೆ."

ದಿನದ ಮೊದಲ ವ್ಯಾಪಾರ ಎಂದರೆ ಏನು, ಅದಕ್ಕೆ ಎಷ್ಟು ಮರ್ಯಾದೆ ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟೆ. ಅವರಿಗೆ ಅರ್ಥವಾದದ್ದು ಇಷ್ಟೇ: ಹಣ ಸಾಲಲಿಲ್ಲ. ನಾಚಿಕೊಂಡು ಇನ್ನೊಂದು ಹತ್ತು ಡಾಲರ್ ಸೇರಿಸಿದರು.

ಕಾಕನ ಮೂರು ಮಕ್ಕಳು ಗಲ್ಫಿನಲ್ಲಿರುವುದರಿಂದ ಅವರಿಗೆ ಎಲ್ಲ ದೇಶದ ನೋಟುಗಳ ರೇಟು ಬಾಯಿಪಾಠ. ವ್ಯಾನಿನ ಕಿಟಕಿಯಿಂದಲೇ ಲೆಕ್ಕ ಹೇಳಿದರು. ಮೀನಕ್ಕನೂ ಲೆಕ್ಕದ ಮನುಷ್ಯಳೇ. ಆ ಹಣಕ್ಕೆ ಎಷ್ಟು ಬಂಗುಡೆ ಬರುತ್ತದೋ ಅಷ್ಟನ್ನೂ ತೂಗಿ, ಬೋಣಿ ಎಂದು ಎರಡು ಬಂಗುಡೆ ಹೆಚ್ಚೇ ಹಾಕಿ, ಎರಡು ಚೀಲಗಳಲ್ಲಿ ಕಟ್ಟಿ ಅವರ ಎರಡೂ ಕೈಗೆ ಕೊಟ್ಟು ನೋಟುಗಳನ್ನು ಕಣ್ಣಿಗೊತ್ತಿಕೊಂಡಳು. ಏಳು ಕಿಲೋಗೆ ಕಡಿಮೆ ಇರಲಿಲ್ಲ.

ಬೇಡವೆಂದರೆ ಅವಮಾನ ಮಾಡಿದ ಹಾಗಾಗುತ್ತದೆ ಎಂದು ಆ ಸಜ್ಜನರು ಚೀಲ ಬಿಡಲಿಲ್ಲ. ಚರ್ಚು ನೋಡಿದರು, ದೇವಸ್ಥಾನ ನೋಡಿದರು, ಗೇರುಬೀಜದ ಫ್ಯಾಕ್ಟರಿ ನೋಡಿದರು, ಎಲ್ಲ ಕಡೆಗೂ ಬಂಗುಡೆ ಅವರ ಜೊತೆಗೇ ಬಂತು. ಎ.ಸಿ. ವ್ಯಾನಿನ ಕಿಟಕಿಗಳನ್ನು ಉಳಿದವರು ಒಂದೊಂದಾಗಿ ತೆರೆದರು. ಸಂಜೆ ಬಂದರಿನ ಗೇಟಿನಲ್ಲಿ ಕಾವಲಿನವನು ಹಸಿ ಮೀನು ಒಳಗೆ ಬಿಡಲಿಕ್ಕಿಲ್ಲ ಎಂದ. ಯಜಮಾನರು ಅಷ್ಟು ಸಂತೋಷದಿಂದ ಯಾವ ದೇಶದ ಕಾನೂನನ್ನೂ ಪಾಲಿಸಿರಲಿಕ್ಕಿಲ್ಲ. ಎರಡೂ ಚೀಲವನ್ನು ಅವನ ಕೈಗೆ ಕೊಟ್ಟು ಓಡಿಯೇ ಹಡಗು ಹತ್ತಿದರು.

ಮುಂದಿನ ಹಡಗು ಬಂದ ದಿನ ಅದೇ ಕಾವಲಿನವನು ಸೆಲ್ಯೂಟು ಹೊಡೆದು ವ್ಯಾನ್ ನಿಲ್ಲಿಸಿದ. "ಟೀಚರ್, ಇವತ್ತು ನಿಮ್ಮ ಗುಂಪಿನಲ್ಲಿ ಫೋಟೋ ತೆಗೆಯುವವರು ಯಾರಾದ್ರೂ ಉಂಟಾ? ಮನೆಯಲ್ಲಿ ಈ ಸಲ ಅಂಜಲ್ ಮೀನು ಕೇಳಿದ್ದಾರೆ."

೨. ಹತ್ತು ತುಂಡು ಅಂಜಲ್

ಪ್ರವಾಸಿಗಳಿಗೆ ಮಧ್ಯಾಹ್ನದ ಊಟ ನನ್ನ ತಮ್ಮನ ಹೋಟೆಲಿನಲ್ಲಿ. ಗದ್ದೆ ಹೋದ ಮೇಲೆ ನಮ್ಮವರು ಅನೇಕರು ಹೋಟೆಲಿಗೆ ಇಳಿದರು, ಅವನೂ ಇಳಿದ. ಒಳ್ಳೆಯ ಊಟವನ್ನೇ ಹಾಕುತ್ತಾನೆ, ಸುಳ್ಳು ಹೇಳಬಾರದು. ಕರೆದುಕೊಂಡು ಹೋದದ್ದಕ್ಕೆ ನನಗೆ ಕಮಿಷನ್ ಕೊಡುತ್ತಾನೆ, ಅದನ್ನೂ ಮುಚ್ಚಿಡಬಾರದು. ಅವನ ಅಡುಗೆಮನೆಗೆ ಬರುವ ಮೀನು ಮೀನಕ್ಕನದ್ದೇ.

ಒಂದು ದಿನ ಊಟ ಮುಗಿಸಿ ಹೊರಟ ಮೇಲೆ ಒಬ್ಬಳು ವಿದೇಶಿ ಅಜ್ಜಿಗೆ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಬಿಟ್ಟ ಟೋಪಿ ನೆನಪಾಯಿತು. ವ್ಯಾನ್ ತಿರುಗಿಸಿದೆವು. ಮೀನಕ್ಕ ಟೋಪಿಯನ್ನು ಜೋಪಾನವಾಗಿ ಇಟ್ಟಿದ್ದಳು. ಅಜ್ಜಿಗೆ ಕೃತಜ್ಞತೆ ಉಕ್ಕಿ ಬಂತು. ನಿನ್ನ ಮೀನು ಎಷ್ಟು ರುಚಿಯಾಗಿತ್ತು ಗೊತ್ತಾ ಎಂದು ಹೇಳಲು ಫೋನಿನಲ್ಲಿ ತೆಗೆದ ಊಟದ ಫೋಟೋ ತೋರಿಸಿದಳು. ಬೆರಳು ಜಾರಿ ಮುಂದಿನ ಫೋಟೋ ಬಂತು. ಅದು ಹೋಟೆಲಿನ ಮೆನು.

ಮೀನಕ್ಕನಿಗೆ ಇಂಗ್ಲಿಷ್ ಅಕ್ಷರ ಬಾರದು. ಆದರೆ ವ್ಯಾಪಾರ ಮಾಡುವವಳಿಗೆ ಅಂಕೆ ಬಾರದೆ ಇರುತ್ತದೆಯೇ?

"ಇದು ಅಂಜಲಿನ ರೇಟಾ ಟೀಚರೆ? ಇಡೀ ಮೀನಿಂದಾ?"

ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನೇ ಹೇಳಬೇಕು ಎಂದು ಕಲಿಸಿದ್ದರ ಫಲ ಅನುಭವಿಸುವ ದಿನ ಬಂದಿತ್ತು. "ಅಲ್ಲ, ಒಂದು ತುಂಡಿಂದು" ಎಂದೆ.

ಅವಳು ಬುಟ್ಟಿಯ ಕಡೆ ತಿರುಗಿ ಮೀನಿಗೆ ನೀರು ಚಿಮುಕಿಸತೊಡಗಿದಳು. ನನಗೆ ಮುಖ ಎತ್ತಲಾಗಲಿಲ್ಲ. ಬೆಳಗಿನ ಜಾವ ಎದ್ದು ದಕ್ಕೆಯಲ್ಲಿ ಏಲಂನಲ್ಲಿ ಬೆಲೆ ಕೂಗಿ ಮೀನು ಕೊಂಡವಳಿಗೆ ಅಷ್ಟು, ಹುರಿದು ಬಾಳೆಲೆಗೆ ಹಾಕಿದವನಿಗೆ ಇಷ್ಟು, ಬರೀ ಬಾಯಿ ಆಡಿಸಿದ ನನಗೂ ಒಂದು ಪಾಲು. ಹಡಗು ಬಂದರೆ ಊರಿಗೇ ಲಾಭ ಎಂದು ನಾನು ಭಾಷಣ ಮಾಡುತ್ತಿದ್ದೆ. ಲಾಭ ಮಾರ್ಕೆಟ್ಟಿನ ಬಾಗಿಲಿಗೆ ಬರುವಾಗ ಎಷ್ಟು ತೆಳ್ಳಗಾಗುತ್ತದೆ ಎಂದು ಆ ದಿನ ಕಂಡೆ.

ಮಾರನೆಯ ದಿನ ಹೋಟೆಲಿನಲ್ಲಿ ಊಟದ ಗಡಿಬಿಡಿ. ನನ್ನ ತಮ್ಮ ಹಣದ ಗಲ್ಲೆಯಲ್ಲಿ ಕೂತಿದ್ದ, ನಾನು ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದೆ. ಮೀನಕ್ಕ ಮುಂದಿನ ಬಾಗಿಲಿನಿಂದಲೇ ಬಂದು ಖಾಲಿ ಬುಟ್ಟಿಯನ್ನು ಗಲ್ಲೆಯ ಮೇಲೆ ಇಟ್ಟಳು. ಗಿರಾಕಿಗಳೆಲ್ಲ ಇತ್ತ ತಿರುಗಿದರು.

"ಅಣ್ಣ, ಒಂದು ಅಂಜಲಿಗೆ ನೀವು ನನಗೆ ಕೊಟ್ಟ ಹಣ ಎರಡು ತುಂಡಿನಲ್ಲೇ ವಾಪಸ್ ಬಂತಂತೆ. ನನಗೆ ಭಾರೀ ಸಂತೋಷ" ಎಂದಳು. "ಅಂಜಲಿನಲ್ಲಿ ಹನ್ನೆರಡು ತುಂಡು ಇತ್ತು. ಉಳಿದ ಹತ್ತು ತುಂಡು ಕೊಡಿ, ತಕ್ಕೊಂಡು ಹೋಗ್ತೇನೆ."

ತಮ್ಮ ಆ ದಿನದಿಂದ ಅವಳಿಗೆ ಹೆಚ್ಚು ರೇಟು ಕೊಡಲು ಶುರು ಮಾಡಿದ. ನನ್ನ ಕಮಿಷನ್ನನ್ನೂ ಅದಕ್ಕೇ ಸೇರಿಸು ಎಂದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವನು ನನಗೇ ಬೈದ.

೩. ಕಾಕನ ಕೋಟು

ಹಡಗು ಬರುವ ದಿನ ಕಾಕ ಹಾಕುವುದು ಒಂದೇ ಶರ್ಟು. ಬಣ್ಣ ಹೋಗಿದೆ, ಹೆಗಲಲ್ಲಿ ಒಂದು ತೂತು ಇದೆ. ಹೊಸ ಶರ್ಟು ಹಾಕಿದ ದಿನವೆಲ್ಲ ಟೈರು ಪಂಕ್ಚರ್ ಆಗುತ್ತದೆ ಎಂದು ಅವರ ನಂಬಿಕೆ. ಮನೆಯಲ್ಲಿ ಮಕ್ಕಳು ಕಳಿಸಿದ ಶರ್ಟುಗಳು ಪೆಟ್ಟಿಗೆಯಲ್ಲೇ ಮಡಿಕೆ ಬಿಚ್ಚದೆ ಇವೆ.

ಹಡಗಿನಲ್ಲಿ ಬಂದ ವಯಸ್ಸಾದ ಗಂಡಹೆಂಡತಿ ಆ ತೂತನ್ನೇ ದಿನವಿಡೀ ನೋಡುತ್ತಿದ್ದರು. ಸಂಜೆ ಆ ಅಮ್ಮ ಮೆಲ್ಲಗೆ ನನ್ನನ್ನು ಕೇಳಿದಳು, "ನಿಮ್ಮ ಡ್ರೈವರಿಗೆ ಎಷ್ಟು ಮಕ್ಕಳು?"

"ಐದು" ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಮೂರು ಮಂದಿ ದುಡಿದು ಹಣ ಕಳಿಸುತ್ತಾರೆ, ಮಾಳಿಗೆ ಮನೆಗೆ ಬಣ್ಣದ ಗಾಜು ಹಾಕಿಸಿದ್ದಾರೆ ಎಂದು ಹೇಳುವಷ್ಟರಲ್ಲಿ ವಿಳಾಸ ಕೇಳಿ ಬರೆದುಕೊಂಡು ಹೊರಟೇಹೋದಳು.

ಎರಡು ತಿಂಗಳ ಮೇಲೆ ಕಾಕನ ಹೆಸರಿಗೆ ಪಾರ್ಸೆಲ್ ಬಂತು. ಅದನ್ನು ಬಿಡಿಸಿಕೊಳ್ಳಲು ಸುಂಕ ಕಟ್ಟಬೇಕಿತ್ತು, ಕಾಕ ಗೊಣಗುತ್ತಲೇ ಕಟ್ಟಿದರು. ಒಳಗೆ ಇದ್ದದ್ದು ಮೊಣಕಾಲಿನ ತನಕ ಬರುವ ಉಣ್ಣೆಯ ಕೋಟು, ಕಿವಿ ಮುಚ್ಚುವ ಟೋಪಿ, ದಪ್ಪ ಕೈಗವಸು. ನಮ್ಮಲ್ಲಿ ಡಿಸೆಂಬರಿನಲ್ಲೂ ಮಧ್ಯಾಹ್ನ ಬೆವರು ಧಾರಾಕಾರ.

"ಎಂತ ಮಾಡುದು ಟೀಚರ್ ಇದನ್ನು? ಪ್ರೀತಿಯಿಂದ ಕಳ್ಸಿದ್ದಾರೆ, ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ" ಎಂದರು ಕಾಕ. ವಸ್ತು ಒಳ್ಳೆಯದೇ, ಊರು ತಪ್ಪಿ ಬಂದಿತ್ತು, ಅಷ್ಟೆ. ಕೊನೆಗೆ ದಕ್ಕೆಯ ಹತ್ತಿರ ಭಾವನ ಐಸ್ ಪ್ಲಾಂಟಿಗೆ ಕೊಟ್ಟುಬಂದರು. ಅಲ್ಲಿ ಐಸಿನ ಕೋಣೆಯೊಳಗೆ ಇಳಿಯುವವರಿಗೆ ಸ್ವರ್ಗ ಸಿಕ್ಕಿದಂತಾಯಿತು. ಮೊದಲು ಗೋಣಿಚೀಲ ಹೊದ್ದು ಇಳಿಯುತ್ತಿದ್ದವರು ಈಗ ಸರದಿಯ ಮೇಲೆ ಕೋಟು ಹಾಕತೊಡಗಿದರು. ಕೋಟು ಸಿಗದವನಿಗೆ ಮೊದಲು ಅನಿಸದಿದ್ದ ಚಳಿ ಈಗ ಅನಿಸತೊಡಗಿತು. ವಾರಕ್ಕೊಂದು ಜಗಳ ಗ್ಯಾರಂಟಿ.

ಅಷ್ಟರಲ್ಲಿ ಆ ಅಮ್ಮನ ಇ-ಮೇಲ್ ನನಗೆ ಬಂತು. ಕೋಟು ಹಾಕಿಕೊಂಡ ಒಂದು ಫೋಟೋ ಬೇಕಂತೆ. ಕಾಕ ಪ್ಲಾಂಟಿಗೆ ಹೋಗಿ, ಪುಡಿ ಐಸಿನ ರಾಶಿಯ ಎದುರು ಕೋಟು, ಟೋಪಿ, ಕೈಗವಸು ಎಲ್ಲ ಏರಿಸಿ ಗಂಭೀರವಾಗಿ ನಿಂತರು. ಫೋಟೋ ಕಳಿಸಿದೆ.

ಉತ್ತರ ಮರುದಿನವೇ ಬಂತು: "ನಿಮ್ಮ ಊರಿನಲ್ಲಿ ಇಷ್ಟು ಹಿಮ ಬೀಳುತ್ತದೆ ಎಂದು ಯಾರೂ ನಮಗೆ ಹೇಳಿರಲಿಲ್ಲ. ಆ ಐದು ಮಕ್ಕಳಿಗೂ ಒಂದೊಂದು ಕಳಿಸುತ್ತಿದ್ದೇವೆ."

೪. ಬಡವರ ಪಟ್ಟಿ

ಕೋಟಿನ ಕತೆ ನಡೆಯುತ್ತಿರುವಾಗಲೇ ದೂರದೇಶದ ಒಂದು ಸಂಸ್ಥೆಯವರು ಬಂದರು. ಬಂದರ್‌ನ ಮೀನು ಮಾರುವ ಹೆಂಗಸರಿಗೆ ಸಹಾಯ ಮಾಡುತ್ತಾರಂತೆ. ಮೊದಲಿಗೆ ಒಂದೇ ಒಂದು ಬ್ಯಾಟರಿ ಗಾಡಿ, ಹಿಂದೆ ಐಸಿನ ಪೆಟ್ಟಿಗೆ ಇರುವುದು. ಮಾರ್ಕೆಟ್ಟಿನ ಬಾಗಿಲಲ್ಲಿ ಕೂರುವವರು ಹನ್ನೆರಡು ಮಂದಿ. ಅವರಲ್ಲಿ ಅತಿ ಬಡವಳು ಯಾರು ಎಂದು ಪರೀಕ್ಷೆ ಮಾಡಿ ಅವಳಿಗೆ ಗಾಡಿ.

ಸುದ್ದಿ ಕೇಳಿ ಮೀನಕ್ಕ ನನ್ನ ಕೈ ಹಿಡಿದುಕೊಂಡಳು. "ಇದು ಸಿಕ್ಕಿದ್ರೆ ತಲೆಹೊರೆ ಇಲ್ಲ ಟೀಚರೆ. ಮಣ್ಣಗುಡ್ಡಕ್ಕೆ ಕೂತುಕೊಂಡೇ ಬರ್ತೇನೆ." ಹನ್ನೆರಡು ಮಂದಿಯಲ್ಲಿ ಕೈಯಲ್ಲಿ ಏನೂ ಇಲ್ಲದವಳು ಅವಳೇ. ಅದು ಎಲ್ಲರಿಗೂ ಗೊತ್ತಿತ್ತು. ಗಾಡಿ ಅವಳಿಗೇ ಎಂದು ಉಳಿದ ಹನ್ನೊಂದು ಮಂದಿಯೂ ತಮ್ಮೊಳಗೆ ಮಾತಾಡಿಕೊಂಡಿದ್ದರು.

ಸಂಸ್ಥೆಯ ಮೇಡಂ ಸಣಕಲು ದೇಹದ, ಒಳ್ಳೆಯ ಮನಸ್ಸಿನ ಹುಡುಗಿ. ನಾನು ದುಭಾಷಿ. ಹೇಳಿದ್ದನ್ನು ಮಾತ್ರ ಅನುವಾದಿಸಬೇಕು, ನನ್ನದು ಎಂದು ಒಂದು ಮಾತೂ ಸೇರಿಸಬಾರದು ಎಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಳು. ಹಿಂದಿನ ದಿನ ಮೀನಕ್ಕ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಳು, "ಫೋಟೋ ತೆಗೀತಾರಾ?" ತೆಗೆಯುತ್ತಾರೆ ಎಂದೆ. ಅಲ್ಲೇ ಕೆಟ್ಟಿತು.

ಮರುದಿನ ಅವಳು ಬಂದದ್ದು ಹೀಗೆ: ಮದುವೆಮನೆಗೆ ಹೊರಟ ಹಾಗೆ ರೇಷ್ಮೆ ಸೀರೆ, ಕೊರಳಲ್ಲಿ ಹಗ್ಗದಷ್ಟು ದಪ್ಪದ ಸರ, ಕೈತುಂಬ ಬಳೆ.

"ಎಂತ ಇದು?" ಎಂದು ಪಿಸುಗುಟ್ಟಿದೆ.

"ಹೊರದೇಶದವರು ಫೋಟೋ ತೆಗೆಯುವಾಗ ಬೋಳು ಕೊರಳಲ್ಲಿ ಕೂತ್ರೆ ನಮ್ಮ ಬಂದರ್‌ನ ಮರ್ಯಾದೆ ಎಂತ ಆಗ್ಬೇಕು ಟೀಚರೆ?"

ಚಿನ್ನ ಪಕ್ಕದ ಬುಟ್ಟಿಯವಳದ್ದು. ಅವಳು ಕಾವೂರಿನಿಂದ ಬರುವವಳು. ಅಲ್ಲಿ ಕೆರೆಯ ಹತ್ತಿರ ಮೂರು ಬಾಡಿಗೆ ಮನೆ ಇದೆ. ಮನೆಯಲ್ಲಿ ಕೂತರೆ ಬೇಸರ ಎಂದು ದಿನಾ ಬಸ್ಸು ಹಿಡಿದು ಬಂದು ಮೀನು ಮಾರುತ್ತಾಳೆ. ತುಂಬ ಒಳ್ಳೆಯವಳು. ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿ ಮೀನಕ್ಕನಿಗೆ ಹಾಕಿ, ತಾನು ಮೀನು ತೊಳೆಯುವ ಹಳೇ ಸೀರೆಯಲ್ಲಿ ಬರಿ ಕೊರಳಲ್ಲಿ ಕೂತಿದ್ದಳು.

ಮೇಡಂ ಫಾರಂ ತೆಗೆದಳು. "ಈ ಚಿನ್ನ ನಿಮ್ಮದೇ?"

ಹನ್ನೊಂದು ಮಂದಿಯ ಎದುರು ಎರವಲು ತಂದದ್ದು ಎಂದು ಬಾಯಿಬಿಟ್ಟು ಹೇಳುವುದು ಹೇಗೆ? "ನನ್ನದೇ" ಎಂದಳು ಮೀನಕ್ಕ. ಗೆಳತಿಯ ಮಾನ ಉಳಿಸಲು ಕಾವೂರಿನವಳೂ ಹಿಂದಿನಿಂದ "ಅವಳದ್ದೇ, ಅವಳದ್ದೇ" ಎಂದು ಸಾಕ್ಷಿ ಹೇಳಿದಳು. ಸಹಿ ಹಾಕಿದ ನಾನು ನಾಲಿಗೆ ಕಚ್ಚಿಕೊಂಡು ಅದನ್ನೇ ಇಂಗ್ಲಿಷಿಗೆ ತಿರುಗಿಸಿದೆ.

ವಾರದ ಮೇಲೆ ಪಟ್ಟಿ ಬಂತು. ಬಂದರ್‌ನ ಅತಿ ಬಡವಳು ಕಾವೂರಿನವಳು. ಹನ್ನೆರಡನೆಯ ಸ್ಥಾನ, ಅಂದರೆ ಎಲ್ಲರಿಗಿಂತ ಶ್ರೀಮಂತೆ, ಮೀನಕ್ಕ.

ಮೀನಕ್ಕ ಮೊಣಗಂಟು ನೀವುತ್ತ ಕೂತಳು. ಗಾಡಿ ಗೆದ್ದ ಕಾವೂರಿನವಳು ಮಾತ್ರ ಗಳಗಳ ಅತ್ತುಬಿಟ್ಟಳು. "ನನಗೆ ಬೇಡ ಟೀಚರೆ, ದಮ್ಮಯ್ಯ! ಇದನ್ನು ನಾನು ಎಲ್ಲಿ ನಿಲ್ಲಿಸುದು? ನನ್ನ ಅಂಗಳದಲ್ಲಿ ಬಾಡಿಗೆಯವರ ಮೂರು ಕಾರು ಉಂಟು."

೫. ಹೇಳದೆ ಬಂದ ನೆಂಟರು

ಮೇಡಮಿಗೆ ನಾನು ಉದ್ದದ ಪತ್ರ ಬರೆದೆ. ಪಟ್ಟಿ ಗಟ್ಟಿಯಾಗುವ ಮೊದಲು ಒಮ್ಮೆ ಮೀನಕ್ಕನ ಮನೆಗೆ ಹೋಗಿ ಕಣ್ಣಾರೆ ನೋಡಿ ಎಂದು ಕೇಳಿಕೊಂಡೆ. ಅವಳು ಒಪ್ಪಿದಳು. ಒಂದೇ ಷರತ್ತು: ಮುಂಚಿತವಾಗಿ ತಿಳಿಸಬಾರದು, ಮನೆ ಹೇಗಿದೆಯೋ ಹಾಗೆಯೇ ಕಾಣಬೇಕು. ಇದೇ ಕೊನೆಯ ಅವಕಾಶ ಎಂದೂ ಬರೆದಿದ್ದಳು.

ನಾನು ಯಾರಿಗೂ ಹೇಳಲಿಲ್ಲ. ವ್ಯಾನ್ ಬೇಕಲ್ಲ, ಕಾಕನಿಗೆ ಮಾತ್ರ ಹೇಳಿದೆ. ಕಾಕನೂ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದರು.

ಮರುದಿನ ಮಧ್ಯಾಹ್ನ ಗೋದಾಮುಗಳ ಹಿಂದಿನ ಓಣಿಗೆ ಹೋದರೆ ಓಣಿ ಗುಡಿಸಿ ನೀರು ಹಾಕಿ ಇಟ್ಟಿತ್ತು. ಮೀನಕ್ಕನದ್ದು ಒಂದು ಕೋಣೆ, ಒಂದು ಅಡುಗೆಮನೆ. ನಾನು ಹತ್ತು ಸಲ ಹೋಗಿದ್ದೇನೆ, ಅಲ್ಲಿ ಇರುವುದು ಒಂದು ಚಾಪೆ, ಒಂದು ಪೆಟ್ಟಿಗೆ. ಇವತ್ತು ಬಾಗಿಲು ತೆರೆದರೆ ಕೋಣೆಯ ತುಂಬ ಒಂದು ಸೋಫಾ! ಕೆಂಪು ಮಖಮಲ್ಲು, ಚಿನ್ನದ ಬಣ್ಣದ ಕಾಲು. ಕಾಕನ ಮಗಳ ಮನೆಯದ್ದು ಎಂದು ನೋಡಿದ ಕೂಡಲೇ ಗೊತ್ತಾಯಿತು. ಎದುರು ದೊಡ್ಡ ಟಿ.ವಿ. ಮೂಲೆಯಲ್ಲಿ ನಿಲ್ಲುವ ಫ್ಯಾನು. ಫ್ರಿಜ್ಜು ಬಾಗಿಲಲ್ಲಿ ಹಿಡಿಯದೆ ಅಂಗಳದಲ್ಲೇ ನಿಂತಿತ್ತು. ಮೀನಕ್ಕನ ಕೊರಳಲ್ಲಿ ಮತ್ತೆ ಅದೇ ಸರ.

"ಬಲೆ ಬಲೆ, ಕುಳ್ಳುಲೆ", ಅಂದರೆ ಬನ್ನಿ ಬನ್ನಿ, ಕೂತುಕೊಳ್ಳಿ, ಎಂದು ಮೇಡಮಿನ ಕೈಹಿಡಿದು ಸೋಫಾದ ಮೇಲೆ ಕೂರಿಸಿದಳು.

ನಾನು ಕಾಕನ ಕಡೆ ತಿರುಗಿದೆ. ಅವರು ನೆಲ ನೋಡುತ್ತ, "ಮನೆಗೆ ನೆಂಟರು ಬರುವಾಗ ನೆಲದಲ್ಲಿ ಕೂರಿಸ್ಲಿಕ್ಕೆ ಆಗ್ತದಾ ಟೀಚರ್?" ಎಂದರು. ಆ ಓಣಿಯವರಿಗೆ ಗಾಡಿಯೂ ಬೇಕಿತ್ತು, ಮರ್ಯಾದೆಯೂ ಬೇಕಿತ್ತು. ಎರಡನ್ನೂ ಒಟ್ಟಿಗೆ ಕೊಡುವ ಫಾರಂ ಯಾವ ದೇಶದವರೂ ಇನ್ನೂ ಅಚ್ಚು ಹಾಕಿಸಿಲ್ಲ.

ಮೇಡಂ ಪೆನ್ನು ತೆಗೆದಳು. ಸೋಫಾ, ಇದೆ. ಟಿ.ವಿ., ಇದೆ. ಫ್ಯಾನು, ಇದೆ. ಬಗ್ಗಿ ಅಂಗಳ ನೋಡಿದಳು. ಫ್ರಿಜ್ಜು, ಇದೆ. ಒಂದೊಂದು ಗುರುತಿಗೂ ಗಾಡಿ ಒಂದೊಂದು ಮೈಲಿ ದೂರ ಹೋಗುತ್ತಿತ್ತು. ಮೀನಕ್ಕ ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತ ಅಡುಗೆಮನೆಗೆ ಹೋಗಿ ಗಾಜಿನ ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಕೆಂಪು ಸಾರು, ಹುರಿದ ಅಂಜಲ್ ತಂದಳು. ನನಗೆ ಅಳು ಬಂತು. ಇಂಥ ಪೆದ್ದಿ ಬೇರೆಲ್ಲಿ ಸಿಗುತ್ತಾಳೆ ಎಂದು ಸಿಟ್ಟೂ ಬಂತು.

ಆಗ ಪಕ್ಕದ ಮನೆಯವನು ಬಾಗಿಲಲ್ಲಿ ತಲೆ ಹಾಕಿದ. "ಅಕ್ಕ, ನೆಂಟರು ಹೋದ್ರಾ? ಕ್ರಿಕೆಟ್ ಶುರುವಾಯ್ತು, ಟಿ.ವಿ. ಬೇಕಿತ್ತು."

"ಏನು ಹೇಳಿದರು?" ಎಂದಳು ಮೇಡಂ.

ನಾನು ಸಹಿ ಹಾಕಿದವಳಲ್ಲವೇ? ಹೇಳಿದ್ದನ್ನು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ, ಸಂತೋಷದಿಂದ ಅನುವಾದಿಸಿದೆ. ಟಿ.ವಿ. ಹೋಯಿತು. ಮೇಡಂ ಖಾಲಿ ಜಾಗ ನೋಡಿ, ಫಾರಂನಲ್ಲಿ ಟಿ.ವಿ.ಯ ಗುರುತಿನ ಮೇಲೆ ಒಂದು ಗೆರೆ ಹೊಡೆದಳು.

ಅದರ ಬೆನ್ನಿಗೇ ಶರಬತ್ತಿನ ಅಂಗಡಿಯವನು ಬಂದ. ಬಿಸಿಲು ಏರಿದೆ, ಗಿರಾಕಿಗಳು ಕಾಯುತ್ತಿದ್ದಾರೆ, ಫ್ರಿಜ್ಜು ಬೇಕು. ಅದೂ ಕೈಗಾಡಿ ಹತ್ತಿ ಹೊರಟಿತು. ಫ್ಯಾನಿನವರ ಮನೆಯಲ್ಲಿ ಮಗು ಸೆಕೆಗೆ ಎದ್ದು ಅಳುತ್ತಿತ್ತಂತೆ, ಫ್ಯಾನೂ ಹೋಯಿತು. ಮೀನಕ್ಕನ ಮುಖ ನಾಚಿಕೆಯಿಂದ ಅವಳು ಬಡಿಸಿದ ಸಾರಿಗಿಂತ ಕೆಂಪಾಗಿತ್ತು.

ಕಾಕನ ಫೋನು ಹೊಡೆಯಿತು. ಮಾತಾಡಿ ಮುಗಿಸಿ ನನ್ನ ಹತ್ತಿರ ಬಂದು ತಲೆ ಕೆರೆದುಕೊಂಡರು. "ಟೀಚರ್, ಮೊಮ್ಮಗಳನ್ನ ನೋಡ್ಲಿಕ್ಕೆ ಗಂಡಿನ ಕಡೆಯವರು ನಾಳೆ ಬರ್ತೇವೆ ಅಂದವರು ಇವತ್ತೇ ಬಂದಿದ್ದಾರಂತೆ. ಮಗಳ ಮನೆಯಲ್ಲಿ ಕೂರ್ಲಿಕ್ಕೆ ಎಂತದೂ ಇಲ್ಲ. ಮೇಡಮಿಗೆ ಸ್ವಲ್ಪ ಏಳ್ಲಿಕ್ಕೆ ಹೇಳ್ತೀರಾ?"

ಮೇಡಂ ತಟ್ಟೆ ಹಿಡಿದುಕೊಂಡೇ ಎದ್ದಳು. ನಾಲ್ಕು ಮಂದಿ ಸೋಫಾ ಎತ್ತಿ, ಓರೆ ಮಾಡಿ, ಬಾಗಿಲು ದಾಟಿಸಿದರು. ಚಿನ್ನದ ಬಣ್ಣದ ಒಂದು ಕಾಲು ಚೌಕಟ್ಟಿಗೆ ಸಿಕ್ಕಿ ಕಳಚಿತು, ಕಾಕ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಓಡಿದರು. ಮೀನಕ್ಕ ಒಳಗಿನಿಂದ ತನ್ನ ಚಾಪೆ ತಂದು ಹಾಸಿದಳು. ಮೇಡಂ ಅದರ ಮೇಲೆ ಕೂತಳು, ಪಕ್ಕದಲ್ಲಿ ನಾನು ಕೂತೆ.

ಎಲ್ಲ ಮುಗಿಯಿತು ಎನ್ನುವಾಗ ಏದುಸಿರು ಬಿಡುತ್ತ ಬಂದವಳು ಕಾವೂರಿನವಳು. ಸಂಜೆ ಮದುವೆ ರಿಸೆಪ್ಶನ್ ಇತ್ತಂತೆ. ಮೇಡಮನ್ನು ಕಂಡು ನಾಲಿಗೆ ಕಚ್ಚಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮೀನಕ್ಕ ತಾನೇ ಸರ ಬಿಚ್ಚಿ, ಸೆರಗಿನಿಂದ ಒರೆಸಿ ಅವಳ ಕೈಗೆ ಕೊಟ್ಟಳು. ಮೇಡಂ ಫಾರಂನಲ್ಲಿ ಕೊನೆಯ ಗೆರೆಯನ್ನೂ ಹೊಡೆದಳು.

ಆ ಗೆರೆಗಳ ಬಲದಿಂದ ಎರಡೇ ತಿಂಗಳಲ್ಲಿ ಗಾಡಿ ಬಂತು. ಈಗ ಮೀನಕ್ಕ ಹಾರ್ನು ಹೊಡೆಯುತ್ತ ಮಣ್ಣಗುಡ್ಡಕ್ಕೆ ಬರುತ್ತಾಳೆ, ನಮ್ಮ ಫ್ಲಾಟಿನ ಬೆಕ್ಕುಗಳಿಗೂ ಆ ಹಾರ್ನಿನ ಗುರುತು ಸಿಕ್ಕಿದೆ.

ಆದರೆ ಆ ಮಧ್ಯಾಹ್ನದ ಕತೆ ಇನ್ನೊಂದು ಚೂರು ಉಳಿದಿದೆ. ಖಾಲಿ ಕೋಣೆಯಲ್ಲಿ ಚಾಪೆಯ ಮೇಲೆ ಕೂತ ಮೇಡಂ ಎಡಗೈಯಿಂದ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲ ಕಡೆ ಒಮ್ಮೆ ಹೆದರಿ ನೋಡಿ, ನನ್ನ ಕಿವಿಯಲ್ಲಿ ಕೇಳಿದಳು, "ಈ ಮೀನನ್ನೂ ಕೇಳಿಕೊಂಡು ಯಾರಾದರೂ ಬರುತ್ತಾರಾ?"

ಅದನ್ನೂ ಅನುವಾದಿಸಿದೆ. ಇಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದ ಮೀನಕ್ಕ ತಲೆ ಎತ್ತಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾರು ಬರ್ತಾರೆ ಟೀಚರೆ? ಮೀನು ನನ್ನದೇ ಅಂತ ಹೇಳಿ. ಇನ್ನೊಂದು ತುಂಡು ಹಾಕ್ತೇನೆ, ಹೆದರದೆ ಉಣ್ಲಿ. ಪಾಪ, ಕೈಕಾಲು ನೋಡಿ ಹೇಗೆ ಕಡ್ಡಿಯ ಹಾಗೆ ಆಗಿದೆ, ಅವಳ ಊರಿನಲ್ಲಿ ಅವಳಿಗೆ ಯಾರೂ ಸಹಾಯ ಮಾಡುದಿಲ್ವಾ?"